ಹಲಸಿನ ಮರದ ಕೆಳಗೆ ನೆನಪಾದವನು

ನಮ್ಮ ಗಣಿತದ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ನಮ್ಮ ಬ್ಯಾಚಿನ 17 ಜನ ಹೋಗಿದ್ದೆವು. ಊಟ ಮುಗಿಸಿ ಹಿತ್ತಲಿನ ಹಲಸಿನ ಮರದ ಕೆಳಗೆ ನಿಂತಾಗ ಎಲ್ಲರಿಗೂ ನೆನಪಾಗಿದ್ದು ಒಬ್ಬನೇ ಹುಡುಗ. ಅಷ್ಟು ವರ್ಷ ಅವನ ಬಗ್ಗೆ ನಾವ್ಯಾರೂ ಬಾಯಿ ಬಿಟ್ಟಿರಲಿಲ್ಲ.

1996ರ ಜೂನ್. ಪ್ರಥಮ ಪಿಯುಸಿ ಸೇರಿದ ಹೊಸತು. ಹಾಸ್ಟೆಲ್ಲಿನ ಐದು ಜನ ರಾತ್ರಿ ಮೇಷ್ಟ್ರ ಹಿತ್ತಲಿಗೆ ನುಗ್ಗಿ ಒಂದು ಹಲಸಿನ ಹಣ್ಣು ಇಳಿಸಿದೆವು. ಕತ್ತಿಯಿಲ್ಲ, ಎಣ್ಣೆಯಿಲ್ಲ. ಕೈಯಲ್ಲೇ ಬಗೆದು ತಿಂದೆವು. ಬೆಳಿಗ್ಗೆ ಕ್ಲಾಸಿನಲ್ಲಿ ಐವರ ಕೈಗೂ ಅಂಗಿಗೂ ಮೇಣ.

"ಯಾರ್ರೋ ಅದು?" ಎಂದರು ಮೇಷ್ಟ್ರು. ನಮ್ಮಲ್ಲೊಬ್ಬ ಉಗ್ಗುತ್ತಿದ್ದ. ಅವನನ್ನೇ ಎಬ್ಬಿಸಿದೆವು. ಅವನು ತಡವರಿಸುವುದನ್ನು ನೋಡಿ ನಗಬಹುದು ಅಂತ, ಅಷ್ಟೇ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಅವನ ಮಾತನ್ನು ತಾವು ಮುಗಿಸಿಕೊಡಲಿಲ್ಲ, ಅವಸರ ಮಾಡಲಿಲ್ಲ. ಅವನು "ನಾವೇ ಸಾರ್" ಅನ್ನುವವರೆಗೂ ಕಾದರು. "ಹಣ್ಣು ಸಿಹಿ ಇತ್ತೇನೋ?" ಎಂದಷ್ಟೇ ಕೇಳಿದರು. ಸಂಜೆ ಮನೆಗೆ ಕರೆದು ಕೊಬ್ಬರಿ ಎಣ್ಣೆ ಕೊಟ್ಟು ಮೇಣ ತೆಗೆಸಿದರು. ಆ ವರ್ಷ ಅವರು ಹೇಳಿಕೊಟ್ಟ ಲೆಕ್ಕ ಒಂದೂ ಈಗ ನೆನಪಿಲ್ಲ.

ಅವನಿಗೆ ನಾವೊಂದು ಅಡ್ಡಹೆಸರು ಇಟ್ಟಿದ್ದೆವು. ಹಾಜರಿ ಕರೆದಾಗ, ಊಟಕ್ಕೆ ಕೂತಾಗ, ದೀಪ ಆರಿಸಿದ ಮೇಲೆ, ಅದೇ ಹೆಸರು. ಅವನ ಹಾಗೆ ಮಾತಾಡಿ ತೋರಿಸುವುದರಲ್ಲಿ ನಾನು ಎಲ್ಲರಿಗಿಂತ ಮುಂದು. ಕಾಲೇಜು ವಾರ್ಷಿಕೋತ್ಸವದಲ್ಲಿ ಮಿಮಿಕ್ರಿಗೆ ಮೊದಲ ಬಹುಮಾನ ನನಗೇ ಬಂದಿತ್ತು. ಆ ಬಹುಮಾನವನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಅದೇ ನವೆಂಬರಿನಲ್ಲಿ ತಮಿಳುನಾಡಿನ ಚಿದಂಬರಂನಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗನೊಬ್ಬನನ್ನು ರ‍್ಯಾಗಿಂಗ್ ಮಾಡಿ ಸೀನಿಯರ್ ಕೊಂದ ಸುದ್ದಿ ಬಂತು. ಮರುವರ್ಷ ಆ ರಾಜ್ಯ ರ‍್ಯಾಗಿಂಗ್ ವಿರುದ್ಧ ಕಾನೂನನ್ನೇ ತಂದಿತು. ಮೇಷ್ಟ್ರು ಆ ಸುದ್ದಿಯನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ಎಲ್ಲೋ ದೂರದ ಊರಿನ ಕಥೆ ಅಂತ ಕೇಳಿಸಿಕೊಂಡೆವು. ಆ ರಾತ್ರಿಯೂ ಹಾಸ್ಟೆಲ್ಲಿನಲ್ಲಿ ಅಡ್ಡಹೆಸರು ನಿಲ್ಲಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದವನು ವಾಪಸ್ ಬರಲಿಲ್ಲ. ತನ್ನ ಜೀವ ತಾನೇ ಕಳೆದುಕೊಂಡಿದ್ದ. ಅವನ ಮನಸ್ಸಿನಲ್ಲಿ ಇನ್ನೇನೇನು ಇತ್ತೋ, ಒಂದೇ ಕಾರಣ ಅಂತ ಹೇಳಲು ನನಗೆ ಹಕ್ಕಿಲ್ಲ. ಆದರೆ ಅವನ ಭಾರಕ್ಕೆ ನಾವು ಭಾರ ಸೇರಿಸಿದ್ದಂತೂ ನಿಜ.

ಕಾಲೇಜಿನಲ್ಲಿ 2 ನಿಮಿಷ ಮೌನ. ಆಮೇಲೆ ಪರೀಕ್ಷೆ ಹತ್ತಿರ ಬಂತು, ಓದ್ಕೊಳ್ಳಿ ಎಂದರು. ಮೇಷ್ಟ್ರು ಮಾತ್ರ ಅವತ್ತಿನಿಂದ ರಾತ್ರಿ ಊಟಕ್ಕೆ ಹಾಸ್ಟೆಲ್ಲಿಗೇ ಬರತೊಡಗಿದರು. ಒಬ್ಬನೇ ಕೂತವನ ಪಕ್ಕ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದರು. ಫೆಬ್ರವರಿಯಲ್ಲಿ ಒಂದು ರಾತ್ರಿ ನನ್ನ ಪಕ್ಕ ಕೂತರು. ನಾನಾಗ ಸರಿಯಾಗಿ ನಿದ್ದೆ ಮಾಡಿ ವಾರಗಳಾಗಿದ್ದವು. "ಸತ್ತು ಹೋಗೋಣ ಅನ್ನಿಸ್ತಿದೆಯೇನೋ ನಿಂಗೆ?" ಎಂದು ನೇರವಾಗಿ ಕೇಳಿದರು. ನಾನು ಅತ್ತುಬಿಟ್ಟೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಜನ ಹೆದರುತ್ತಾರೆ. ಬರುವುದಿಲ್ಲ, ಕೇಳಿ ಎಂದೇ ಇವತ್ತು ತಜ್ಞರು ಹೇಳುತ್ತಾರೆ. ನಮ್ಮ ಮೇಷ್ಟ್ರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಾನೂ ಈಗ ಉಪನ್ಯಾಸಕ. 22 ವರ್ಷದಿಂದ ಇದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಕೆಲವು ಮಕ್ಕಳು ಇವತ್ತಿಗೂ ಫೋನ್ ಮಾಡುತ್ತಾರೆ. ಅದು ನನ್ನ ಬದುಕಿನ ದೊಡ್ಡ ಸಮಾಧಾನ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎನ್ನುತ್ತದೆ ಸರ್ಕಾರದ್ದೇ ಲೆಕ್ಕ. ಈಗಿನ ಕಾಲೇಜುಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಟೆಸ್ಟು, ರ‍್ಯಾಂಕು. ಮಗುವಿನ ಪಕ್ಕ ಕೂತು ಊಟ ಮಾಡಲು ಯಾರಿಗೆ ಪುರುಸೊತ್ತಿದೆ? 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆ ಒಬ್ಬ ಆಪ್ತಸಮಾಲೋಚಕರು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮ ಕಾಲೇಜು ಅದನ್ನು ಈ ವರ್ಷವೇ ಮಾಡಲಿ. ಊಟದ ಹಾಲಿನ ಗೋಡೆ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ದೊಡ್ಡದಾಗಿ ಬರೆಸಲಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಣ್ಣದ ಖರ್ಚು ನಾವು 17 ಜನ ಕೊಡುತ್ತೇವೆ.

ಅವತ್ತು ಮರದ ಕೆಳಗೆ ನಮಗೆ ಅವನ ಅಡ್ಡಹೆಸರು ತಕ್ಷಣ ನೆನಪಾಯಿತು. ನಿಜವಾದ ಹೆಸರು ಯಾರಿಗೂ ಬರಲಿಲ್ಲ. ನಾನು ಕಾಲೇಜು ಆಫೀಸಿಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿದೆ. ಚಂದದ ಹೆಸರು. ಅದನ್ನು ಪತ್ರಿಕೆಯಲ್ಲಿ ಹಾಕುವುದು ಬೇಡ ಎಂದು ಅವನ ಅಕ್ಕ ಕೇಳಿಕೊಂಡರು, ಹಾಗಾಗಿ ಬರೆದಿಲ್ಲ. ಮೇಷ್ಟ್ರು ಮಾತ್ರ ಅವನನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರು.