ಮುಟ್ಟುವ ಮೊದಲು

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಪ್ರಾಕ್ಟಿಕಲ್ ಪರೀಕ್ಷೆಯ ಚೆಕ್‌ಲಿಸ್ಟಿನಲ್ಲಿ ಮೊದಮೊದಲೇ ‘ರೋಗಿಗೆ ವಿವರಿಸುವುದು’ ಅಂತ ಒಂದು ಸಾಲಿರುತ್ತದೆ. ಮಕ್ಕಳು ನನ್ನ ಮುಖ ನೋಡಿ “ಎಕ್ಸ್‌ಪ್ಲೇನ್ ಮಾಡಿದೆ ಮೇಡಂ” ಅನ್ನುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ. ಮಂಚದ ಮೇಲಿದ್ದವರ ಮುಖವನ್ನು ಇಬ್ಬರೂ ನೋಡುತ್ತಿರಲಿಲ್ಲ.

ಅಧ್ಯಯನ ಪ್ರವಾಸಕ್ಕೆಂದು ಕೊನೆಯ ವರ್ಷದ ಹುಡುಗಿಯರನ್ನು ಥಾಯ್ಲೆಂಡಿಗೆ ಕರೆದುಕೊಂಡು ಹೋಗಿದ್ದೆವು. ಮೊದಲು ಬ್ಯಾಂಕಾಕಿನ ಸಿರಿರಾಜ್ ಆಸ್ಪತ್ರೆ. ಚಾವೊ ಫ್ರಯಾ ನದಿಯ ದಂಡೆಯಲ್ಲಿ 1888ರಲ್ಲಿ ಶುರುವಾದದ್ದು. ಭೇದಿಯಿಂದ ತೀರಿಕೊಂಡ ರಾಜನ ಎಳೆಯ ಮಗನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಎಲ್ಲರೂ ಫೋಟೊ ತೆಗೆದುಕೊಂಡರು. ಚಿಕಿತ್ಸೆಯ ಖರ್ಚಿಗೆ ಜನ ಮನೆಮಠ ಮಾರಬಾರದೆಂದು 2002ರ ಹೊತ್ತಿಗೆ ದೇಶವಿಡೀ ತಂದ, ಒಂದು ಭೇಟಿಗೆ 30 ಬಾತ್ (ಅಲ್ಲಿನ ಹಣ) ಅಷ್ಟೇ ಕೊಡುವ ಯೋಜನೆಯ ಬಗ್ಗೆ ನಾನೂ ಉತ್ಸಾಹದಿಂದ ಟಿಪ್ಪಣಿ ಬರೆದುಕೊಂಡೆ.

ನನ್ನನ್ನು ಅಲುಗಾಡಿಸಿದ್ದು ಮಾತ್ರ ಊರಾಚೆಯ ಒಂದು ಪುಟ್ಟ ಆರೋಗ್ಯ ಕೇಂದ್ರ. ಅಲ್ಲಿನ ನರ್ಸ್ ಜೊತೆ ನಾವು ಐದು ಜನ ಮನೆಭೇಟಿಗೆ ಹೊರಟೆವು. ದಾರಿ ತೋರಿಸಿದ್ದು ಊರಿನ ಆರೋಗ್ಯ ಸ್ವಯಂಸೇವಕಿ. ನಮ್ಮ ಆಶಾ ಕಾರ್ಯಕರ್ತೆಯರು ಬಂದದ್ದು 2005ರಲ್ಲಿ. ಥಾಯ್ಲೆಂಡಿನಲ್ಲಿ ಇಂಥ ಪದ್ಧತಿ 1970ರ ದಶಕದಿಂದಲೇ ಇದೆ, ಈಗ ದೇಶದಲ್ಲಿ ಇಂಥವರು 10 ಲಕ್ಷಕ್ಕೂ ಹೆಚ್ಚಿದ್ದಾರೆ. ಆ ಸ್ವಯಂಸೇವಕಿ ಅಂಗಳದಲ್ಲೇ ನಿಂತು ಕೂಗಿದಳು. ಒಳಗಿನಿಂದ ಉತ್ತರ ಬಂದ ಮೇಲೆ ಚಪ್ಪಲಿ ಬಿಟ್ಟಳು.

ಒಳಗೆ ಲಕ್ವ ಹೊಡೆದ ಅಜ್ಜ. ತಲೆದಿಂಬು ಜಾರಿತ್ತು. ನಮ್ಮ ಹುಡುಗಿಯೊಬ್ಬಳು ಒಳ್ಳೆಯ ಮನಸ್ಸಿನಿಂದಲೇ, ನಾನು ಕಲಿಸಿದ ಹಾಗೆಯೇ, ತಟಕ್ಕನೆ ಬಗ್ಗಿ ಅವರ ತಲೆಗೆ ಕೈ ಹಾಕಿದಳು. ಮನೆಯವರ ಮಾತು ನಿಂತುಹೋಯಿತು. ನರ್ಸ್ ಬೈಯಲಿಲ್ಲ. ಅವಳ ಭುಜ ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿ, ಅಜ್ಜನ ಕಣ್ಣಿಗೆ ಕಾಣುವಂತೆ ಚಾಪೆಯ ಮೇಲೆ ಮಂಡಿಯೂರಿದಳು. ಕೈಮುಗಿದು “ಖೋ ಥೋತ್ ಖ” ಅಂದಳು. ಕ್ಷಮಿಸಿ ಅಂತ ಅರ್ಥ. ಅಷ್ಟಕ್ಕೇ ಅಜ್ಜನ ತಲೆ ಎತ್ತಲಿಲ್ಲ, ಕಾದಳು. ಅಜ್ಜನಿಗೆ ಮಾತು ಬರುತ್ತಿರಲಿಲ್ಲ. ನಿಧಾನಕ್ಕೆ ರೆಪ್ಪೆ ಮುಚ್ಚಿ ತೆರೆದರು. ಆಮೇಲೇ ಅವಳ ಅಂಗೈ ಅವರ ತಲೆಯ ಕೆಳಗೆ ಹೋದದ್ದು.

ಥಾಯ್ ಜನರಿಗೆ ತಲೆ ಅಂದರೆ ದೇಹದಲ್ಲೇ ಪೂಜ್ಯವಾದ ಭಾಗ, ಹಿರಿಯರ ತಲೆ ಮುಟ್ಟುವಾಗ ಕ್ಷಮೆ ಕೇಳಬೇಕು ಅಂತ ದುಭಾಷಿ ವಿವರಿಸಿದರು. ಆದರೆ ನನ್ನ ಮನಸ್ಸಲ್ಲಿ ಕೂತದ್ದು ಆ ಕಾಯುವಿಕೆ. ಕೈಮುಗಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಿದ್ದೂ ನಮ್ಮ ವಾರ್ಡುಗಳಲ್ಲಿ ಬಿ.ಪಿ. ನೋಡಲು ತೋಳು ಎಳೆದುಕೊಳ್ಳುತ್ತೇವೆ, ಡ್ರೆಸ್ಸಿಂಗಿಗೆ ಹೊದಿಕೆ ಸರಿಸಿಬಿಡುತ್ತೇವೆ. ಒಬ್ಬ ನರ್ಸಿಗೆ ಅಷ್ಟೊಂದು ರೋಗಿಗಳಿರುವಾಗ ಪುರುಸೊತ್ತೆಲ್ಲಿ ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆ ಒತ್ತಡ ಸುಳ್ಳಲ್ಲ. ಆದರೆ ಅಜ್ಜ ರೆಪ್ಪೆ ಬಡಿಯಲು ತೆಗೆದುಕೊಂಡ ಸಮಯ ಎರಡು ಉಸಿರಿನಷ್ಟೂ ಇರಲಿಲ್ಲ.

ರಾತ್ರಿ ಆ ಹುಡುಗಿ ಅಳುತ್ತಾ ಬಂದಳು. ತಪ್ಪು ನಿನ್ನದಲ್ಲ, ನಾನು ಕಲಿಸಿದ್ದು ಅರ್ಧ ಅಂತ ಹೇಳಿದೆ.

ಈಗ ರೋಗಿಯಿಂದ ಉತ್ತರ ಬರುವ ತನಕ ಆ ಸಾಲಿಗೆ ಅಂಕ ಹಾಕುವುದಿಲ್ಲ. ಹೋದ ತಿಂಗಳು ವಾರ್ಡಿನಲ್ಲಿ ಅದೇ ಹುಡುಗಿ ಒಬ್ಬ ಅಜ್ಜಿಯ ಮಂಚದ ಪಕ್ಕ ಕೂತು, “ಅಜ್ಜಿ, ಬಿ.ಪಿ. ನೋಡ್ಬೇಕು, ಕೈ ಹಿಡ್ಕೊಳ್ಳಲಾ?” ಅಂದಳು.

“ತಡಿ ಮಗಾ, ಸೆರಗು ಸರಿ ಮಾಡ್ಕೋತೀನಿ,” ಅಂದರು ಅಜ್ಜಿ. ಅವಳು ಬಿ.ಪಿ. ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು.