ಗದ್ದೆಯ ಔಷಧಿ, ಆಪರೇಷನ್ ಕೋಣೆಯ ಔಷಧಿ

ಮಂಡ್ಯದ ಕಡೆ ನಮ್ಮ ಹಳ್ಳಿಯಲ್ಲಿ ಭತ್ತಕ್ಕೆ ಹೊಡೆಯುವ ಕೀಟನಾಶಕಕ್ಕೂ ಜ್ವರಕ್ಕೆ ನುಂಗುವ ಮಾತ್ರೆಗೂ ‘ಔಷಧಿ’ ಎಂಬುದೊಂದೇ ಹೆಸರು. ಕಳೆದ ತಿಂಗಳು ಮೈಸೂರಿನಲ್ಲಿ ಅವ್ವನ ಪಿತ್ತಕೋಶದ ಆಪರೇಷನ್ ಮುಗಿದಾಗ, ಸ್ನಾಯುಗಳಿಗೆ ಶಕ್ತಿ ಮರಳಲೆಂದು ನಿಯೋಸ್ಟಿಗ್ಮೈನ್ ಕೊಟ್ಟಿರುವುದಾಗಿ ಅರಿವಳಿಕೆ ವೈದ್ಯರು ತಿಳಿಸಿದರು. ಔಷಧಶಾಸ್ತ್ರ ಪಾಠ ಮಾಡುವ ನನಗೆ ನಮ್ಮೂರಿನ ಆ ಪದಬಳಕೆ ಅಷ್ಟೇನೂ ತಪ್ಪಲ್ಲವೆಂದು ಆಗ ಹೊಳೆಯಿತು.

ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ; ನಡುವೆ ಸುಮಾರು 50 ನ್ಯಾನೋಮೀಟರ್ ಅಂತರವಿದೆ. ವಿದ್ಯುತ್ ಸಂಕೇತ ತುದಿಯನ್ನು ತಲುಪಿದೊಡನೆ ಕ್ಯಾಲ್ಸಿಯಂ ಒಳನುಗ್ಗಿ, ಪುಟ್ಟ ಚೀಲಗಳಲ್ಲಿ ಕೂಡಿಟ್ಟ, ಸಂಕೇತ ದಾಟಿಸುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಆ ಅಂತರಕ್ಕೆ ಸುರಿಯುತ್ತದೆ. ಅದರ ಎರಡು ಅಣುಗಳು ಸ್ನಾಯುವಿನ ಮೇಲೆ ಸಂಕೇತ ಹಿಡಿಯುವ ಒಂದು ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿದಾಗ ದಾರಿ ತೆರೆದು ಸೋಡಿಯಂ ಒಳಹೊಕ್ಕು, ಸ್ನಾಯು ಸಂಕುಚಿಸುತ್ತದೆ. ಕೆಲಸ ಮುಗಿದ ಅಸಿಟೈಲ್‌ಕೋಲಿನನ್ನು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವು ಮಿಲಿಸೆಕೆಂಡುಗಳಲ್ಲೇ ಒಡೆದುಹಾಕುತ್ತದೆ.

ಅವ್ವನಿಗೆ ಮೊದಲು ಕೊಟ್ಟದ್ದು, ಆಪರೇಷನ್ನಿಗಾಗಿ ಸ್ನಾಯುಗಳನ್ನು ಸಡಿಲಗೊಳಿಸುವ ವೆಕ್ಯುರೋನಿಯಂ. ಅದು ಗ್ರಾಹಕಗಳಲ್ಲಿ ತಾನೇ ಕುಳಿತು ಅಸಿಟೈಲ್‌ಕೋಲಿನ್‌ಗೆ ಜಾಗ ಬಿಡುವುದಿಲ್ಲ. (ಅದರಿಂದ ಪ್ರಜ್ಞೆಯೂ ತಪ್ಪುವುದಿಲ್ಲ, ನೋವೂ ತಗ್ಗುವುದಿಲ್ಲ, ಅವಕ್ಕೆ ಬೇರೆಯೇ ಔಷಧಗಳು ಬೇಕು.) ನಿಯೋಸ್ಟಿಗ್ಮೈನ್ ಆ ಕಿಣ್ವವನ್ನು ಕೆಲಹೊತ್ತು ತಡೆಹಿಡಿಯುವುದರಿಂದ ಅಸಿಟೈಲ್‌ಕೋಲಿನ್ ಹೆಚ್ಚುತ್ತದೆ, ಪೈಪೋಟಿಯಲ್ಲಿ ಗೆದ್ದು ತನ್ನ ಜಾಗ ಮರಳಿ ಪಡೆಯುತ್ತದೆ. ಆದರೆ ಆ ಹೆಚ್ಚಳ ಹೃದಯಕ್ಕೂ ಜೊಲ್ಲಿನ ಗ್ರಂಥಿಗಳಿಗೂ ತಟ್ಟುವುದರಿಂದ ಅಲ್ಲಿ ಅದನ್ನು ತಡೆಯುವ ಗ್ಲೈಕೋಪೈರೊಲೇಟನ್ನು ಜೊತೆಯಲ್ಲೇ ಕೊಡುತ್ತಾರೆ.

ಆರ್ಗನೋಫಾಸ್ಫೇಟ್ ಕೀಟನಾಶಕ ಹಿಡಿಯುವುದೂ ಇದೇ ಕಿಣ್ವವನ್ನು; ವ್ಯತ್ಯಾಸವೆಂದರೆ, ಅದರ ಪಟ್ಟು ಸಡಿಲುವುದಿಲ್ಲ, ಸಮಯ ಮೀರಿದಷ್ಟೂ ಬಿಡಿಸುವುದು ಅಸಾಧ್ಯವಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪನವರ ಬೆನ್ನಿನ ಪಂಪು ಸೋರಿ, ಅಂಗಿಯೆಲ್ಲ ನೆನೆದದ್ದನ್ನು ಲೆಕ್ಕಿಸದೆ ಅವರು ಸಂಜೆಯವರೆಗೂ ಔಷಧಿ ಹೊಡೆದಿದ್ದರು. ರಾತ್ರಿ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ತೋಳಿನ ಮಾಂಸವೆಲ್ಲ ತಾನಾಗಿಯೇ ಅದುರುತ್ತಿತ್ತು. ಅತಿಯಾದ ಅಸಿಟೈಲ್‌ಕೋಲಿನ್ ಮೊದಲು ಸ್ನಾಯುವನ್ನು ಅದುರಿಸಿ, ಆಮೇಲೆ ಸೋಲಿಸುತ್ತದೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟ ಮೇಲೆ ಜೊಲ್ಲು ನಿಂತಾಗ ಗಂಡಾಂತರ ಕಳೆಯಿತೆಂದುಕೊಂಡೆವು. ಆದರೆ ಅಟ್ರೋಪಿನ್ ತಡೆಯುವುದು ಬೇರೊಂದು ಬಗೆಯ ಗ್ರಾಹಕವನ್ನು. ಸ್ನಾಯುವಿನ ಮೇಲೆ ಅದರ ಆಟ ನಡೆಯುವುದಿಲ್ಲ. ಮೂರನೆಯ ದಿನ ದೊಡ್ಡಪ್ಪನವರಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಒಂದರಿಂದ ನಾಲ್ಕು ದಿನಗಳೊಳಗೆ ಕತ್ತಿನ ಸ್ನಾಯುಗಳು ಹೀಗೆ ಸೋಲುವುದು ಉಸಿರಾಟವೂ ಸೋಲಬಹುದೆಂಬ ಮುನ್ಸೂಚನೆಯೆಂದು ಅನುಭವಿಗಳಾದ ವೈದ್ಯರು ಬಲ್ಲರು. ದೊಡ್ಡಪ್ಪನವರನ್ನು ಕೂಡಲೇ ವೆಂಟಿಲೇಟರಿಗೆ ಹಾಕಿದ್ದರಿಂದಲೇ ಬದುಕಿ ಬಂದರು.

ಮೈಸೂರಿನ ಚೇತರಿಕೆ ಕೋಣೆಯಲ್ಲಿ ವೈದ್ಯರು ಅವ್ವನಿಗೆ ತಲೆ ಎತ್ತಿ ಐದು ಸೆಕೆಂಡು ಹಿಡಿಯಲು ಹೇಳಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅವಳು ಏಳರವರೆಗೆ ಹಿಡಿದಳು. ಆಮೇಲೆ, ಬಾಯಿ ಒಣಗಿದೆ, ನೀರು ಕೊಡು ಎಂದಳು. ಅದು ಗ್ಲೈಕೋಪೈರೊಲೇಟಿನ ಕೆಲಸ.