ಆ್ಯಪ್ ಧೈರ್ಯ ಕೇಳಿತು, ಬಟವಾಡೆ ಕೇಳಲಿಲ್ಲ

ಪ್ರಶ್ನೆ ಕೇಳಿ ತಾನೇ ಹೂಡಿಕೆ ಸಲಹೆ ಕೊಡುವ ಆ್ಯಪ್, ಅಂದರೆ ರೋಬೋ ಅಡ್ವೈಸರ್ ಒಂದನ್ನು ಆಫೀಸಿಗೆ ತರಬೇಕೋ ಬೇಡವೋ ಅಂತ ನೋಡುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ, ದಯವಿಟ್ಟು ಎಕ್ಸ್‌ಪೆನ್ಸ್ ರೇಶಿಯೋದಿಂದ (ಫಂಡ್ ವರ್ಷಕ್ಕೆ ಹಿಡಿಯುವ ಖರ್ಚಿನ ಪಾಲು) ಶುರು ಮಾಡಬೇಡಿ. ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ಆ್ಯಪ್ ಏನೇನು ಕೇಳುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಏನೇನು ಕೇಳುವುದಿಲ್ಲ ಅಂತ ಬರೆದುಕೊಳ್ಳಿ. ಎರಡನೇ ಪಟ್ಟಿಯೇ ಮುಖ್ಯ. ಚಿಕ್ಕಮಗಳೂರಿನಂಥ ಊರಲ್ಲಂತೂ ಅದೇ ಎಲ್ಲಕ್ಕಿಂತ ಮುಖ್ಯ.

ನಾನು ಇಲ್ಲಿನ ಒಂದು ಸಣ್ಣ ಆಫೀಸಿನಲ್ಲಿ ಪ್ಯಾರಾಪ್ಲಾನರ್, ಅಂದರೆ ಸಲಹೆಗಾರರಿಗೆ ಪ್ಲಾನ್ ತಯಾರಿಸಿಕೊಡುವವಳು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಣಿ ಆಗಿರುವ ಸಲಹೆಗಾರರ ಆಫೀಸು. ಫೀ ತಗೊಂಡು ಸಲಹೆ ಕೊಡುತ್ತೇವೆ, ಕಮಿಷನ್ ಇಲ್ಲ. ಕ್ಲೈಂಟುಗಳಲ್ಲಿ ಅರ್ಧ ಜನ ಸಂಬಳದವರು. ಟೀಚರುಗಳು, ಬ್ಯಾಂಕಿನವರು, ಬೆಂಗಳೂರಲ್ಲಿ ಕೆಲಸದಲ್ಲಿರುವ ಇಲ್ಲಿನ ಮಕ್ಕಳು. ಇನ್ನರ್ಧ ಕಾಫಿ ತೋಟದವರು. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪದ ಕಡೆಯವರು.

ಬೆಂಗಳೂರಿನ ಒಂದು ಕಂಪನಿ ನಮ್ಮ ಸರ್ ಹತ್ತಿರ ಬಂದಿತ್ತು. ಆ್ಯಪ್ ಅವರದ್ದು, ಮೇಲೆ ನಮ್ಮ ಹೆಸರು. ಕ್ಲೈಂಟ್ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು, ಷೇರು ಸೂಚ್ಯಂಕಗಳಾದ ನಿಫ್ಟಿ 50, ನಿಫ್ಟಿ ನೆಕ್ಸ್ಟ್ 50ರ ಫಂಡುಗಳು, ಸಾಲಪತ್ರಗಳಲ್ಲಿ ಹೂಡುವ ಒಂದು ಡೆಟ್ ಫಂಡ್ ಸೇರಿಸಿ ಪೋರ್ಟ್‌ಫೋಲಿಯೋ ಮಾಡಿಕೊಡುತ್ತದೆ. ಪಾಲು ಏರುಪೇರಾದರೆ ತಾನೇ ರೀಬ್ಯಾಲೆನ್ಸ್ ಮಾಡಿ ಮೊದಲಿನ ಪಾಲಿಗೆ ತರುತ್ತದೆ. ಸರ್‌ಗೆ ತುಂಬ ಹಿಡಿಸಿತು. ಮಾರ್ಚ್ 31ರೊಳಗೆ ಸಹಿ ಆಗಬೇಕು ಅಂದರು. ಅಂದರೆ ಪರೀಕ್ಷೆ ಶುರುವಾಗುವ ಮುಂಚೆಯೇ ಅರ್ಧ ಮಾತು ಕೊಟ್ಟಾಗಿತ್ತು. ಇನ್ನೊಂದು ವಿಷಯ ನನಗೆ ಇವತ್ತಿಗೂ ಬೇಸರ ತರುತ್ತದೆ. ಆ್ಯಪನ್ನು ಯಾವ ಯಾವ ಅಂಶದಲ್ಲಿ ಅಳೆಯಬೇಕು ಅನ್ನುವ ಎಕ್ಸೆಲ್ ಶೀಟನ್ನೂ ಆ ಕಂಪನಿಯವರೇ ಕಳಿಸಿದ್ದರು. ಮಾರುವವರು ಕೊಟ್ಟ ಅಳತೆಗೋಲಲ್ಲಿ ಅವರ ಮಾಲನ್ನೇ ಅಳೆಯುವ ಕೆಲಸ ಯಾವ ಆಫೀಸಿನಲ್ಲೂ ಆಗಬಾರದು.

ಹೀಗೆ ಸೂಚ್ಯಂಕವನ್ನೇ ಹಿಂಬಾಲಿಸುವ ಪ್ಯಾಸಿವ್ ಫಂಡಿನ (ಇಂಡೆಕ್ಸ್ ಫಂಡಿನ) ಬಗ್ಗೆ ನನಗೆ ತಕರಾರಿಲ್ಲ. ನಾನು ಅದರ ಪರವೇ. 1976ರಲ್ಲಿ ಅಮೆರಿಕದಲ್ಲಿ ಜಾನ್ ಬೋಗಲ್ ಸಾಮಾನ್ಯ ಜನರಿಗೆ ಅಂತ ಇಂಡೆಕ್ಸ್ ಫಂಡ್ ತಂದಾಗ ಅದರ ಹಿಂದಿದ್ದ ಲೆಕ್ಕ ಬಹಳ ಸರಳ. ಎಲ್ಲ ಹೂಡಿಕೆದಾರರೂ ಸೇರಿದರೆ ಅದೇ ಮಾರ್ಕೆಟ್. ಅವರೆಲ್ಲರ ಕೈಗೂ ಒಟ್ಟಾಗಿ ಬರುವುದು ಮಾರ್ಕೆಟ್ ಕೊಟ್ಟಿದ್ದರಲ್ಲಿ ಖರ್ಚು ಕಳೆದು ಉಳಿದದ್ದು ಮಾತ್ರ. ಹಾಗಾಗಿ ಖರ್ಚು ಕಮ್ಮಿ ಮಾಡಿ. ಈ ಲೆಕ್ಕದಲ್ಲಿ ನನಗೆ ಪೂರ್ತಿ ನಂಬಿಕೆ ಇದೆ. ನಮ್ಮ ಎಷ್ಟೋ ಟೀಚರುಗಳ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಇದೇ ನಂಬಿಕೆಯ ಮೇಲೆ ನಡೆಯುತ್ತಿದೆ.

ಮೊದಲ ಸುತ್ತಿನಲ್ಲಿ ಶೀಟಿನ ಪ್ರಕಾರವೇ ನೋಡಿದೆವು. ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆಯ್ಕೆ ಆಗಿದ್ದದ್ದು ರೆಗ್ಯುಲರ್ ಪ್ಲಾನ್, ಅಂದರೆ ಮಾರುವವರ ಕಮಿಷನ್ ಒಳಗೇ ಸೇರಿರುವುದು. 2013ರ ಜನವರಿಯಿಂದ ಎಲ್ಲ ಫಂಡ್ ಹೌಸ್‌ಗಳೂ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಕೊಡುತ್ತಿವೆ. ಯಾವ ಕ್ಲೈಂಟಿನಿಂದ ಫೀ ತಗೊಳ್ಳುತ್ತೇವೋ ಅವರ ಹೂಡಿಕೆ ಮೇಲೆ ಕಮಿಷನ್ನೂ ತಗೊಳ್ಳುವಂತಿಲ್ಲ ಅಂತ ಸೆಬಿ ನಿಯಮ ಇದೆ. ಆ ಸೆಟ್ಟಿಂಗನ್ನು ಡೈರೆಕ್ಟ್‌ಗೆ ಬದಲಾಯಿಸಿಕೊಂಡೆವು. ಎರಡೂ ಪ್ಲಾನಿನ ನಡುವೆ ಅರ್ಧ ಪರ್ಸೆಂಟ್ ವ್ಯತ್ಯಾಸ ಇದ್ದರೂ 10 ಲಕ್ಷಕ್ಕೆ ವರ್ಷಕ್ಕೆ 5,000 ರೂಪಾಯಿ ಹೋಗುತ್ತದೆ. ಹಿಂದಿನ ವರ್ಷಗಳಲ್ಲಿ ಎಷ್ಟು ಬೆಳೆಯುತ್ತಿತ್ತು ಅಂತ ತೋರಿಸುವ ಬ್ಯಾಕ್‌ಟೆಸ್ಟ್ ಚಾರ್ಟಿನಲ್ಲಿ ಅವರ ಪೋರ್ಟ್‌ಫೋಲಿಯೋಗೆ ಡಿವಿಡೆಂಡ್ ಸೇರಿತ್ತು, ಹೋಲಿಸಿದ ನಿಫ್ಟಿಗೆ ಸೇರಿರಲಿಲ್ಲ. ಮ್ಯೂಚುವಲ್ ಫಂಡುಗಳು 2018ರ ಫೆಬ್ರುವರಿಯಿಂದ ಟಿಆರ್‌ಐ, ಅಂದರೆ ಡಿವಿಡೆಂಡ್ ಸೇರಿಸಿದ ಸೂಚ್ಯಂಕದ ಜೊತೆಗೇ ಹೋಲಿಸಬೇಕು. ಹಾಗಿರುವಾಗ ಇವರ ಚಾರ್ಟಿಗೆ ಯಾಕೆ ಬೇರೆ ಲೆಕ್ಕ? ಅದನ್ನೂ ಸರಿ ಮಾಡಿಸಿದೆವು. ಸರಿ ಮಾಡಿದ ಮೇಲೆ ಅವರ ಗೆರೆ ನಿಫ್ಟಿಗಿಂತ ಮೇಲೇನೂ ಇರಲಿಲ್ಲ.

ಶೀಟಿನಲ್ಲಿ ಇನ್ನೊಂದು ಸಾಲು ಇತ್ತು. ‘ರಿಸ್ಕ್ ಪ್ರೊಫೈಲಿಂಗ್: ಇದೆ / ಇಲ್ಲ’. ಅಂದರೆ ಕ್ಲೈಂಟ್ ಎಷ್ಟು ನಷ್ಟ ತಡೆದುಕೊಳ್ಳಬಲ್ಲರು ಅಂತ ಆ್ಯಪ್ ಅಳೆಯುತ್ತದೋ ಇಲ್ಲವೋ. ಇದೆ. ಹಸಿರು ಬಣ್ಣ ಬಿತ್ತು. ಮುಂದಿನ ಸಾಲಿಗೆ ಹೋದೆವು.

ಕೊನೆಗೆ ಡೆಮೋ. ಆಲ್ದೂರು ಕಡೆಯ ಒಬ್ಬ ಗೌಡರನ್ನು ಕರೆಸಿದ್ದೆವು. ಹಳೇ ಕ್ಲೈಂಟು, ಸರ್ ಮೇಲೆ ತುಂಬ ವಿಶ್ವಾಸ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮಾರಿ ಆಗಿತ್ತು, ರೋಬಸ್ಟಾ ಚೆರಿಯೂ (ಸಿಪ್ಪೆ ಸಮೇತ ಒಣಗಿಸಿದ್ದು) ಹೋಗಿತ್ತು. ಓಟಿ (ಮೂಟೆಗೆ ಸಿಗುವ ಬೀಜದ ಪ್ರಮಾಣ) ಚೆನ್ನಾಗಿ ಬಂದಿತ್ತು, ರೇಟೂ ಇತ್ತು. ಸರ್ ಇದನ್ನು ಸುಮ್ನೆ ತೋರಿಸುವ ಡೆಮೋ ಮಾಡದೆ ನಿಜವಾದ ಅಕೌಂಟನ್ನೇ ತೆರೆಸಿದ್ದರು. ಕೆವೈಸಿ ವ್ಯಾಲಿಡೇಟ್ ಆಗಿತ್ತು. ಬ್ಯಾಂಕ್ ಲಿಂಕ್ ಆಗಿತ್ತು.

ಆ್ಯಪಿನ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಆರಿಸಿದರೆ ಬಟನ್ನುಗಳು ಮಾತ್ರ ಕನ್ನಡವಾಗುತ್ತಿದ್ದವು. ಹಾಗಾಗಿ ಕಂಪನಿಯ ಹುಡುಗ ಬಾಯಲ್ಲೇ ಕನ್ನಡ ಮಾಡಿ ಕೇಳುತ್ತಿದ್ದ.

“ತಿಂಗಳಿಗೆ ಎಷ್ಟು ಆದಾಯ ಸರ್?”

“ತಿಂಗಳಿಗೆ ಅಂದ್ರೆ? ನಮ್ದು ವರ್ಷಕ್ಕೊಂದು ಸಲ ಬರೋದು.”

“ಹನ್ನೆರಡರಿಂದ ಭಾಗ ಮಾಡಿ ಹಾಕ್ಬಿಡಿ ಸರ್. ತಿಂಗಳ ಖರ್ಚು?”

ಗೌಡರು ಮನೆ ಖರ್ಚು ಹೇಳಿದರು. ದಿನಸಿ, ಕರೆಂಟು, ಜೀಪಿನ ಡೀಸೆಲ್, ಮೊಮ್ಮಗನ ಫೀಸು. ತೋಟದ ಖರ್ಚು ಹೇಳಲಿಲ್ಲ. ಅವರು ಮುಚ್ಚಿಟ್ಟದ್ದಲ್ಲ. ಅವರ ಮನಸ್ಸಿನಲ್ಲಿ ಅದು ಬೇರೆ ಲೆಕ್ಕ, ತೋಟದ ಗುಮಾಸ್ತ ರೈಟರ್ ಪುಸ್ತಕದಲ್ಲಿರುವ ಲೆಕ್ಕ.

“ಮಾರ್ಕೆಟ್ 20 ಪರ್ಸೆಂಟ್ ಬಿದ್ರೆ ಏನ್ ಮಾಡ್ತೀರಿ ಸರ್? ಮಾರ್ತೀರಾ, ಇಟ್ಕೋತೀರಾ, ಇನ್ನೂ ತಗೋತೀರಾ? ನಿಮಗೆ ಧೈರ್ಯ ಇದೆ ಅಲ್ವಾ?”

ಗೌಡರು ನಕ್ಕರು. “ರೇಟ್ ಬಿತ್ತು ಅಂತ ಮೆಣಸು ಮಾರ್ತಾರೇನಪ್ಪಾ? ಗೋಡೌನಲ್ಲಿ ಇಡ್ತೀವಿ. ಕೈಲಿ ದುಡ್ಡಿದ್ರೆ ಪಕ್ಕದ ತೋಟನೂ ತಗೋತೀವಿ.”

‘ಇನ್ನೂ ತಗೋತೀನಿ’ ಟಿಕ್ ಆಯಿತು. ಪರದೆ ಒಂದು ಸುತ್ತು ತಿರುಗಿ ಫಲ ಕೊಟ್ಟಿತು. ಅಗ್ರೆಸಿವ್. ಶೇ. 90 ಈಕ್ವಿಟಿ (ಷೇರು), ಶೇ. 10 ಡೆಟ್. ಎಷ್ಟು ಹಾಕ್ತೀರಿ ಅನ್ನುವ ಜಾಗದಲ್ಲಿ ಗೌಡರು ಆ ವರ್ಷದ ಬೆಳೆಯ ದುಡ್ಡು ಅಷ್ಟನ್ನೂ ಬರೆದರು.

ಆಗ ಮಧ್ಯಾಹ್ನ 2 ಗಂಟೆ 40 ನಿಮಿಷ. ಹುಡುಗ ಅವಸರ ಮಾಡತೊಡಗಿದ. “ಸರ್, ಮೂರು ಗಂಟೆಗೆ ಕಟ್‌ಆಫ್. ಅಷ್ಟರೊಳಗೆ ದುಡ್ಡು ಹೋದ್ರೆ ಇವತ್ತಿನ ಎನ್‌ಎವಿನೇ ಸಿಗುತ್ತೆ.” ಎನ್‌ಎವಿ ಅಂದರೆ ಫಂಡಿನ ಒಂದು ಯೂನಿಟ್ಟಿನ ಆ ದಿನದ ಬೆಲೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಹತ್ತು ಹದಿನೈದು ವರ್ಷ ಇಡುವ ದುಡ್ಡಿಗೆ ಇವತ್ತಿನ ಎನ್‌ಎವಿ ಆದರೇನು, ನಾಳೆಯದಾದರೇನು? ಆ ಮಾತಿನಿಂದ ಕೋಣೆಯಲ್ಲಿದ್ದ ಎಲ್ಲರಿಗೂ ಗಡಿಯಾರ ಕಾಣಿಸಿತು, ಬೇರೇನೂ ಕಾಣಿಸಲಿಲ್ಲ. ಗೌಡರು ಕನ್ನಡಕ ಸರಿ ಮಾಡಿಕೊಂಡು ಬ್ಯಾಂಕಿನ ಪಾಸ್‌ವರ್ಡ್ ಒತ್ತಿದರು. ಓಟಿಪಿ ಬಂತು. ನಾನು ಸರ್ ಮುಖ ನೋಡಿದೆ. ಸರ್ ಪರದೆ ನೋಡುತ್ತಿದ್ದರು.

ನನ್ನ ಮುಂದೆ ಗೌಡರ ಹಳೇ ಫೈಲು ತೆರೆದೇ ಇತ್ತು. ಅದರಲ್ಲಿ ಹಿಂದಿನ ವರ್ಷ ಸಾಲದ ಪ್ಲಾನಿಂಗ್ ಮಾಡುವಾಗ ತಗೊಂಡಿದ್ದ ರೈಟರ್ ಪುಸ್ತಕದ ಜೆರಾಕ್ಸ್. ವಾರ ವಾರದ ಬಟವಾಡೆ, ಅಂದರೆ ಆಳುಗಳಿಗೆ ಕೊಟ್ಟ ಕೂಲಿ, ಪುಟದ ತುಂಬ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

“ಗೌಡ್ರೇ, ಮುಂದಿನ ವಾರದ ಬಟವಾಡೆ ಯಾವ ದುಡ್ಡಲ್ಲಿ ಮಾಡ್ತೀರಿ?”

“ಇದ್ರಲ್ಲೇ ಅಲ್ವೇನಮ್ಮಾ? ಬೇಕಾದಾಗ ತೆಗೀಬಹುದು ಅಂದ್ರಲ್ಲ ಇವ್ರು.”

“ಹೌದು ಮೇಡಂ,” ಅಂದ ಹುಡುಗ. “ಲಾಕ್‌ಇನ್ ಇಲ್ಲ. ಯಾವಾಗ ಬೇಕಾದ್ರೂ ರಿಡೀಮ್ ಮಾಡ್ಬಹುದು.”

“ಜೂನಲ್ಲಿ ಗೊಬ್ಬರ ಹಾಕೋ ಹೊತ್ತಿಗೆ ಮಾರ್ಕೆಟ್ 20 ಪರ್ಸೆಂಟ್ ಕೆಳಗಿದ್ರೆ? ಆಗ ಇನ್ನೂ ತಗೋತೀನಿ ಅಂದಿದ್ದಾರಲ್ಲ, ಯಾವ ದುಡ್ಡಲ್ಲಿ?”

ಯಾರೂ ಮಾತಾಡಲಿಲ್ಲ. ಗೌಡರು ಫೋನನ್ನು ಮೇಜಿನ ಮೇಲೆ ಇಟ್ಟರು. ಓಟಿಪಿ ಟೈಮ್ ಮುಗಿಯಿತು. ಸರ್ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಹೊರಗಿನವರ ಮುಂದೆ ಹೀಗೆ ಅಡ್ಡ ಬಾಯಿ ಹಾಕಬಾರದು ಅಂತ ಗಟ್ಟಿಯಾಗಿಯೇ ಹೇಳಿದರು. ನನಗೆ ನೋವಾಯಿತು. ಆದರೆ ಆ ಪ್ರಶ್ನೆಯನ್ನು ದುಡ್ಡು ಹೋದ ಮೇಲೆ ಕೇಳಿ ಏನು ಪ್ರಯೋಜನ?

ವಾಪಸ್ ಬಂದಾಗ ಗೌಡರು ಬೆರಳು ಮಡಚಿ ಎಣಿಸುತ್ತಿದ್ದರು. ಕಾಫಿ ಹೂ ಬಿಡಿಸುವ ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್‌ಗೆ ಡೀಸೆಲ್. ಗೊಬ್ಬರ. ಕಳೆ. ನೆರಳಿನ ಮರಗಳ ಕೊಂಬೆ ಕಡಿಸುವ ಮರಗಸಿ. ಮಳೆಗಾಲದ ಬೋರ್ಡೋ ಸ್ಪ್ರೇ. ಬೆಳೆ ಸಾಲದ ರಿನ್ಯೂವಲ್. ಮುಂದಿನ ಕೊಯ್ಲಿಗೆ ಆಳುಗಳ ಅಡ್ವಾನ್ಸ್. ಎಲ್ಲ ಕೂಡಿಸಿದಾಗ, ಹೂಡಿಕೆ ಅಂತ ಬರೆದಿದ್ದ ಮೊತ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂದಿನ ಕೊಯ್ಲಿನೊಳಗೆ ಖರ್ಚಾಗುವ ದುಡ್ಡು. ಅದು ಹೂಡಿಕೆಯ ದುಡ್ಡೇ ಅಲ್ಲ.

ಆ ರಾತ್ರಿ ಸೆಬಿಯ 2013ರ ಸಲಹೆಗಾರರ ನಿಯಮಾವಳಿಯನ್ನು ಮತ್ತೆ ತೆಗೆದು ಓದಿದೆ. 16ನೇ ನಿಯಮ. ಕ್ಲೈಂಟಿಗೆ ನಷ್ಟ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಅಂತ ನೋಡಬೇಕು. ಬಂಡವಾಳ ಕಳೆದುಕೊಳ್ಳುವ ಅಪಾಯಕ್ಕೆ ಅವರಿಗೆ ಮನಸ್ಸಿಲ್ಲವೋ ಅಥವಾ ಸಾಧ್ಯವೇ ಇಲ್ಲವೋ ಅಂತ ಗುರುತಿಸಬೇಕು. ಇದಕ್ಕೆ ಯಾವುದಾದರೂ ಟೂಲ್ ಬಳಸಿದರೆ ಅದು ಈ ಕೆಲಸಕ್ಕೆ ತಕ್ಕದ್ದೇ ಅಂತ ಖಚಿತ ಮಾಡಿಕೊಳ್ಳಬೇಕು, ಅದರ ಕೊರತೆಗಳನ್ನು ಗುರುತಿಸಿ ಸರಿದೂಗಿಸಬೇಕು. ಉತ್ತರವನ್ನು ಬಾಯಿಗಿಡುವಂಥ ಪ್ರಶ್ನೆ ಕೇಳಬಾರದು. ‘ನಿಮಗೆ ಧೈರ್ಯ ಇದೆ ಅಲ್ವಾ’ ಅನ್ನುವುದು ಅಂಥದ್ದೇ ಪ್ರಶ್ನೆ. ಎಲ್ಲವೂ ಅಲ್ಲಿ ಬರೆದೇ ಇದೆ. ನಮ್ಮ ಶೀಟಿನಲ್ಲಿ ಮಾತ್ರ ಒಂದೇ ಸಾಲು, ಇದೆ / ಇಲ್ಲ. ಜವಾಬ್ದಾರಿ ನಮ್ಮದೇ. ಆ್ಯಪ್ ಹೇಳಿತು ಅಂತ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಆಮೇಲೆ ಪರೀಕ್ಷೆಯ ರೀತಿಯನ್ನೇ ಬದಲಾಯಿಸಿದೆವು. ಒಂದೊಂದು ಸುಳ್ಳು ಕ್ಲೈಂಟ್ ಮಾಡಿ, ಒಂದೇ ಒಂದು ಉತ್ತರ ಬದಲಿಸಿ, ಫಲ ಎಷ್ಟು ಬದಲಾಗುತ್ತದೆ ಅಂತ ನೋಡಿದೆವು. ಇದು ಬಹಳ ಉಪಯೋಗಕ್ಕೆ ಬಂತು, ಯಾರು ಬೇಕಾದರೂ ಮಾಡಬಹುದು. ಧೈರ್ಯದ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರೆ ಈಕ್ವಿಟಿ ಪಾಲು ದೊಡ್ಡದಾಗಿ ಇಳಿಯುತ್ತಿತ್ತು. ದುಡ್ಡು ಹತ್ತು ವರ್ಷಕ್ಕೆ ಬದಲು ಎರಡೇ ವರ್ಷದಲ್ಲಿ ಬೇಕು ಅಂದರೆ ಸ್ವಲ್ಪ ಮಾತ್ರ ಇಳಿಯುತ್ತಿತ್ತು. ಸಾಲ ಎಷ್ಟಿದೆ ಅನ್ನುವ ಪ್ರಶ್ನೆಗೆ ಏನು ಬರೆದರೂ ಫಲ ಅಲುಗಾಡಲಿಲ್ಲ. ಕೇಳುತ್ತದೆ, ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ ಅದು ರಿಪೋರ್ಟಿಗೆ ಮಾತ್ರ ಅಂದರು.

ರೀಬ್ಯಾಲೆನ್ಸಿಂಗ್ ಕೂಡ ಹಾಗೆಯೇ. ಈ ಥರದ ಆ್ಯಪುಗಳು ಹುಟ್ಟಿದ್ದು ಅಮೆರಿಕದಲ್ಲಿ, ಬೆಟರ್‌ಮೆಂಟ್, ವೆಲ್ತ್‌ಫ್ರಂಟ್‌ನಂಥ ಕಂಪನಿಗಳಿಂದ. ಸಂಬಳದಿಂದ ಪ್ರತಿ ತಿಂಗಳೂ ಹೊಸ ದುಡ್ಡು ಬರುತ್ತಿದ್ದರೆ ಆ ದುಡ್ಡಲ್ಲೇ ಪಾಲು ಸರಿ ಮಾಡಬಹುದು, ಏನೂ ಮಾರಬೇಕಿಲ್ಲ. ತೋಟದವರಿಗೆ ಹೊಸ ದುಡ್ಡು ವರ್ಷಕ್ಕೊಂದೇ ಸಲ. ಮಧ್ಯದಲ್ಲಿ ರೀಬ್ಯಾಲೆನ್ಸ್ ಅಂದರೆ ಮಾರಲೇಬೇಕು, ಮಾರಿದರೆ ಟ್ಯಾಕ್ಸ್. 2024ರ ಜುಲೈ 23ರಿಂದ ಈಕ್ವಿಟಿ ಫಂಡಿಗೆ ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ಶೇ. 20. ಒಂದು ವರ್ಷ ದಾಟಿದ್ದರೆ ವರ್ಷಕ್ಕೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡಿನ ಲಾಭಕ್ಕೆ ಅವರವರ ಆದಾಯದ ಸ್ಲ್ಯಾಬ್ ದರದ ಪ್ರಕಾರ. ಅದಕ್ಕಿಂತ ಮುಖ್ಯ, ಕಾಫಿಯ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿದ್ದರೂ, ಬೇರೆ ಆದಾಯ ವಿನಾಯಿತಿ ಮಿತಿ ದಾಟಿದ್ದರೆ ದರ ಲೆಕ್ಕ ಮಾಡುವಾಗ ಕೃಷಿ ಆದಾಯವನ್ನೂ ಸೇರಿಸುತ್ತಾರೆ. ಆ್ಯಪಿನಲ್ಲಿ ಕೃಷಿ ಆದಾಯ ಅನ್ನುವ ಜಾಗವೇ ಇಲ್ಲ.

ಸರ್‌ಗೆ ಇದೆಲ್ಲ ಅತಿ ಅನ್ನಿಸಿತ್ತು. ಅವರನ್ನು ಒಪ್ಪಿಸಿದ್ದು 2020ರ ಮಾರ್ಚಿನ ಹಳೇ ಲೆಕ್ಕ. ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಇಳಿದಿತ್ತು, ಅವತ್ತೊಂದೇ ದಿನ ಶೇ. 13ರ ಹತ್ತಿರ. ಅದೇ ತಿಂಗಳ ಲೆಕ್ಕವನ್ನು ಗೌಡರ 90-10 ಪೋರ್ಟ್‌ಫೋಲಿಯೋ ಮೇಲೆ ಹಾಕಿ ತೋರಿಸಿದೆ. ಆ್ಯಪಿನ ನಿಯಮದ ಪ್ರಕಾರ ಅದು ಉಳಿದಿದ್ದ ಡೆಟ್ ಮಾರಿ ಈಕ್ವಿಟಿ ಕೊಳ್ಳುತ್ತಿತ್ತು. ಕಾಯಲು ಆಗುವವರಿಗೆ ಅದು ಸರಿಯಾದ ಕೆಲಸವೇ, ಅದೇ ವರ್ಷ ನವೆಂಬರಿನಲ್ಲಿ ನಿಫ್ಟಿ ಹಳೇ ಮಟ್ಟ ದಾಟಿತು. ಆದರೆ ನವೆಂಬರ್ ತನಕ ಆಳುಗಳು ಕೂಲಿಗೆ ಕಾಯುತ್ತಾರಾ? ಸರ್ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. “ಇದನ್ನ ಮೊದಲೇ ತೋರಿಸಿದ್ರೆ ಚೆನ್ನಾಗಿತ್ತು” ಅಂದರು. ಮಾರ್ಚ್ 31ರ ಗಡುವು ಅವತ್ತೇ ಹೋಯಿತು.

ಗೌಡರ ದುಡ್ಡನ್ನು ಕೈಯಲ್ಲೇ ಪ್ಲಾನ್ ಮಾಡಿದೆವು. ಮುಂದಿನ ಕೊಯ್ಲಿನವರೆಗಿನ ತೋಟದ ಖರ್ಚು ಬ್ಯಾಂಕಿನಲ್ಲಿ ಮತ್ತು ಲಿಕ್ವಿಡ್ ಫಂಡಿನಲ್ಲಿ. ಏಳು ದಿನ ಕಳೆದರೆ ಲಿಕ್ವಿಡ್ ಫಂಡಿಗೆ ಎಕ್ಸಿಟ್ ಲೋಡ್ (ಬೇಗ ತೆಗೆದದ್ದಕ್ಕೆ ಕಡಿತ) ಇಲ್ಲ, ಸಾಮಾನ್ಯವಾಗಿ ಮುಂದಿನ ಕೆಲಸದ ದಿನ ದುಡ್ಡು ಅಕೌಂಟಿಗೆ ಬರುತ್ತದೆ. ಮಳೆ ಕೈಕೊಟ್ಟರೆ ಅಂತ ಇನ್ನೊಂದು ವರ್ಷದ ಬಟವಾಡೆ ಎಫ್‌ಡಿಯಲ್ಲಿ. ಉಳಿದದ್ದು ನಿಫ್ಟಿ 50 ಇಂಡೆಕ್ಸ್ ಫಂಡಿಗೆ, ಡೈರೆಕ್ಟ್ ಪ್ಲಾನ್. ಪಾಲು ಸರಿ ಮಾಡುವುದು ಬೆಳೆ ಮಾರಿದ ಮೇಲೆ, ಹೊಸ ದುಡ್ಡಲ್ಲಿ.

ಆ್ಯಪನ್ನು ಸಂಬಳದ ಕ್ಲೈಂಟುಗಳಿಗೆ ಮಾತ್ರ ತಗೊಂಡೆವು. ಅವರಿಗೆ ಚೆನ್ನಾಗಿಯೇ ನಡೆಯುತ್ತಿದೆ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತೋಟದವರ ಫೈಲು ಅದಕ್ಕೆ ಹೋಗಬೇಕಾದರೆ ಎರಡು ಬದಲಾವಣೆ ಬೇಕು ಅಂತ ಕಂಪನಿಗೆ ಬರೆದಿದ್ದೇವೆ. ಒಂದು, ಮೊತ್ತ ಹಾಕುವ ಮೊದಲು ಮುಂದಿನ ಹನ್ನೆರಡು ತಿಂಗಳ ತೋಟದ ಖರ್ಚು ಕೇಳಿ ಅಷ್ಟನ್ನು ಮುಟ್ಟದಂತೆ ಬೇರೆ ಇಡಬೇಕು. ಎರಡು, ಪ್ರಶ್ನೆಗಳು ಪೂರ್ತಿ ಕನ್ನಡದಲ್ಲಿರಬೇಕು, ಕ್ಲೈಂಟ್ ತಾವೇ ಓದುವ ಹಾಗೆ. ಮುಂದಿನ ರಿಲೀಸ್‌ನಲ್ಲಿ ನೋಡೋಣ ಅಂದಿದ್ದಾರೆ. ಅದು ಬರುವ ತನಕ ತೋಟದವರ ಫೈಲುಗಳು ನನ್ನ ಮೇಜಿನ ಮೇಲೆಯೇ ಇರುತ್ತವೆ ಅಂತ ಸರ್ ಆಫೀಸಿನ ನಿಯಮದಲ್ಲಿ ಬರೆಸಿ ಸಹಿ ಹಾಕಿದ್ದಾರೆ.